ಸ್ಪ್ಯಾಮಿಗೆ ಬಿದ್ದ ಕಲ್ಚರ್ ರಿಪೋರ್ಟು

ಸೋಮವಾರ ಬೆಳಿಗ್ಗೆ ಒಂಬತ್ತೂಕಾಲಿಗೆ ಅರಕಲಗೂಡಿನಿಂದ ಡಾಕ್ಟರೊಬ್ಬರು ಫೋನ್ ಮಾಡಿದರು. ಅಲ್ಲಿ ಚಿಕ್ಕ ನರ್ಸಿಂಗ್ ಹೋಂ ನಡೆಸುವವರು, ಮೆತ್ತಗೆ ಮಾತಾಡುವ ಮನುಷ್ಯ. ಅವತ್ತು ದನಿ ಮೆತ್ತಗಿರಲಿಲ್ಲ.

“ಮೇಡಂ, ಮೂರನೇ ಸಲ ಕೇಳ್ತಿದೀನಿ. ಮಂಗಳವಾರ ಕಳಿಸಿದ ಕೀವಿನ ಕಲ್ಚರ್ ರಿಪೋರ್ಟ್ ಎಲ್ಲಿ? ಶನಿವಾರ ಕೇಳಿದ್ರೆ ಕಳಿಸಿದೀವಿ ಅಂದ್ರು. ನಿನ್ನೆ ಕೇಳಿದ್ರೂ ಅದೇ ಉತ್ತರ. ಇಲ್ಲಿ ನನ್ನ ಪೇಷೆಂಟ್ ಕಾಲು ಮೊಣಕಾಲಿನವರೆಗೂ ಕೆಂಪಗಾಗ್ತಾ ಬರ್ತಿದೆ.”

ಹಾಸನದ ಒಂದು ಖಾಸಗಿ ಲ್ಯಾಬಿನಲ್ಲಿ ಕಂಪ್ಯೂಟರ್ ವ್ಯವಸ್ಥೆ ನೋಡಿಕೊಳ್ಳುವುದು ನನ್ನ ಕೆಲಸ. ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣಗಳಲ್ಲಿ ನಮ್ಮ ಸಂಗ್ರಹಣಾ ಕೇಂದ್ರಗಳಿವೆ. ಅಲ್ಲಿ ತೆಗೆದ ರಕ್ತ, ಕಫ, ಕೀವು ಎಲ್ಲ ವ್ಯಾನಿನಲ್ಲಿ ಹಾಸನಕ್ಕೆ ಬರುತ್ತವೆ, ಪರೀಕ್ಷೆಯಾದ ಮೇಲೆ ರಿಪೋರ್ಟು ಇಮೇಲಿನಲ್ಲಿ ಹೋಗುತ್ತದೆ. ಮುಂಚೆ ಮುದ್ರಿಸಿದ ಕಾಗದ ವ್ಯಾನಿನಲ್ಲೇ ವಾಪಸ್ ಹೋಗುತ್ತಿತ್ತು. ಅದನ್ನು ನಿಲ್ಲಿಸಿ ಆರು ತಿಂಗಳಾಗಿತ್ತು. ವಾಟ್ಸಾಪಿನಲ್ಲಿ ಕಳಿಸುವುದನ್ನೂ, ಒಮ್ಮೆ ಯಾರದೋ ರಿಪೋರ್ಟು ಇನ್ಯಾರಿಗೋ ಹೋಗಿ ದೊಡ್ಡ ಜಗಳವಾದ ಮೇಲೆ, ಬಿಟ್ಟಿದ್ದೆವು. ಉಳಿದಿದ್ದು ಮೇಲ್ ಒಂದೇ.

ನನ್ನ ಪರದೆಯಲ್ಲಿ ಆ ರಿಪೋರ್ಟಿನ ಮುಂದೆ ಹಸಿರು ಗುರುತಿತ್ತು. ಪಕ್ಕದಲ್ಲಿ ‘ತಲುಪಿದೆ’ ಎಂಬ ಪದ. ಶುಕ್ರವಾರ, ಮಧ್ಯಾಹ್ನ ಮೂರೂವರೆ.

“ಸಾರ್, ಒಂದು ನಿಮಿಷ. ನಿಮ್ಮ ಮೇಲ್‌ನಲ್ಲಿ ಸ್ಪ್ಯಾಮ್ ಅಂತ ಒಂದು ಜಾಗ ಇರುತ್ತೆ. ಅದನ್ನ ತೆಗೆದು ನೋಡ್ತೀರಾ?”

ಮೌಸ್ ಒತ್ತುವ ಸದ್ದು ಕೇಳಿಸಿತು. ನಾನು ಎರಡು ಸಲ ಹಲೋ ಅಂದೆ.

“ಇದೆ,” ಎಂದರು ಡಾಕ್ಟರು. “ಮೇಲೊಂದು ಲಾಟರಿ, ಕೆಳಗೊಂದು ಬೋಳುತಲೆಗೆ ಎಣ್ಣೆ. ಮಧ್ಯದಲ್ಲಿ ನಿಮ್ಮ ರಿಪೋರ್ಟು.” ಓದಿಕೊಳ್ಳುತ್ತಿದ್ದರು. ಕಲ್ಚರ್ ಎಂದರೆ ಗಾಯದ ಕೀವಿನಲ್ಲಿರುವ ರೋಗಾಣುವನ್ನು ಬೆಳೆಸಿ, ಅದು ಯಾವ ಔಷಧಿಗೆ ಸಾಯುತ್ತದೆ, ಯಾವುದಕ್ಕೆ ಜಗ್ಗುವುದಿಲ್ಲ ಎಂದು ತಿಳಿಯುವ ಪರೀಕ್ಷೆ. “ನಾನು ಆರು ದಿನದಿಂದ ಕೊಡ್ತಿರೋ ಔಷಧಿಗೆ ಇದು ಜಗ್ಗೋದೇ ಇಲ್ಲ ಮೇಡಂ,” ಎಂದರು. ಫೋನ್ ಕಟ್ಟಾಯಿತು.

‘ತಲುಪಿದೆ’ ಎಂಬುದರ ನಿಜವಾದ ಅರ್ಥ ನನಗೆ ಗೊತ್ತಿತ್ತು. ಆ ಕಡೆಯ ಸರ್ವರ್ ನಮ್ಮ ಪತ್ರವನ್ನು ತೆಗೆದುಕೊಂಡಿತು, ಅಷ್ಟೆ. ಅದನ್ನು ಕಣ್ಣಿಗೆ ಕಾಣುವ ಕಡೆ ಇಟ್ಟಿತೋ, ಕಸದ ಜೊತೆ ಒಟ್ಟಿತೋ ನಮಗೆ ಯಾರೂ ಹೇಳುವುದಿಲ್ಲ. ನನಗೆ ಗೊತ್ತಿದ್ದದ್ದನ್ನು ಫೋನ್ ಎತ್ತುವ ಕೌಂಟರಿನ ಸಿಬ್ಬಂದಿಗೆ ನಾನು ಒಂದು ದಿನವೂ ಹೇಳಿರಲಿಲ್ಲ. ಹಸಿರು ಗುರುತು ನೋಡಿ ಅವರು ಎರಡು ದಿನದಿಂದ ‘ಕಳಿಸಿದೀವಿ ಸಾರ್’ ಅನ್ನುತ್ತಿದ್ದರು.

ಒಬ್ಬರ ಮೇಲ್‌ನಲ್ಲಿ ಮಾತ್ರ ಹೀಗಾಗಿದೆಯೋ ಎಲ್ಲರಿಗೂ ಆಗಿದೆಯೋ ನೋಡಬೇಕಿತ್ತು. ರಿಪೋರ್ಟಿನ ನಮೂನೆಯ ಖಾಲಿ ಪತ್ರವೊಂದನ್ನು ಸಹೋದ್ಯೋಗಿಗಳು ನಾಲ್ವರ ಸ್ವಂತ ಮೇಲ್‌ಗೆ ಕಳಿಸಿ, ಅವರ ಮೊಬೈಲ್ ಇಸಕೊಂಡು ನೋಡಿದೆ. ಮೂರರಲ್ಲಿ ಸ್ಪ್ಯಾಮಿಗೆ ಹೋಗಿತ್ತು. ಹೊಳೆನರಸೀಪುರ ಕೇಂದ್ರದ ಮೇಲ್ವಿಚಾರಕಿಗೆ ಫೋನ್ ಮಾಡಿದೆ.

“ನಾನೇ ಮಾಡವಾ ಅಂತಿದ್ದೆ ಅಕ್ಕ,” ಎಂದಳು. “ಗುರುವಾರದಿಂದ ಜನ ಬಂದು ಬಂದು ಬೈತಾವ್ರೆ. ಮೇಲ್ ಬಂದಿಲ್ಲ, ಮೇಲ್ ಬಂದಿಲ್ಲ ಅಂತ. ನಾನಿಲ್ಲೇ ಪ್ರಿಂಟ್ ತೆಗುದ್ ಕೊಡ್ತಿದೀನಿ.”

“ನಂಗ್ಯಾಕೆ ಹೇಳ್ಲಿಲ್ಲ?”

“ಅವುರ್ಗೆ ಮೇಲ್ ನೋಡಕ್ಕೆ ಬರಕಿಲ್ಲ ಅನ್ಕಂಡೆ ಅಕ್ಕ.”

ನಾನೂ ಅದನ್ನೇ ಅಂದುಕೊಳ್ಳುತ್ತಿದ್ದೆನೇನೋ.

ಗುರುವಾರದಿಂದ ಅಂದರೆ ಬುಧವಾರ ಏನೋ ಆಗಿರಬೇಕು. ಮೊದಲು ನಮ್ಮ ಮೇಲ್‌ನ ಗುರುತಿನ ಚೀಟಿಗಳನ್ನು ನೋಡಿದೆ. ಒಂದು ಸಂಸ್ಥೆಯ ಹೆಸರಿನಲ್ಲಿ ಯಾವ ಯಾವ ಸರ್ವರ್ ಪತ್ರ ಕಳಿಸಬಹುದು ಎಂಬ ಪಟ್ಟಿಯೊಂದನ್ನು ನಾವು ಬಹಿರಂಗವಾಗಿ ಇಟ್ಟಿರುತ್ತೇವೆ, ಪ್ರತಿ ಪತ್ರಕ್ಕೂ ಕಾಣದ ಒಂದು ಸಹಿ ಬೀಳುತ್ತದೆ. ಪಟ್ಟಿ ಸರಿಯಿತ್ತು, ಸಹಿ ಸರಿಯಿತ್ತು. ಇನ್ಯಾರೋ ನಮ್ಮ ವೇಷ ಹಾಕಿದ್ದರೆ ಅಲ್ಲೇ ಸಿಕ್ಕಿಬೀಳುತ್ತಿದ್ದರು. ಆದರೆ ಆ ಪಟ್ಟಿಯಲ್ಲಿ ಎರಡು ವಾರದ ಹಿಂದೆ ಸೇರಿದ ಒಂದು ಸಾಲಿತ್ತು. ಜಾಹೀರಾತು ಮೇಲ್‌ಗಳನ್ನು ರಾಶಿಗಟ್ಟಲೆ ಕಳಿಸಿಕೊಡುವ ಒಂದು ಸೇವೆಯ ಹೆಸರು. ಸೇರಿಸಿದವಳು ನಾನೇ.

ನಮ್ಮ ಮಾರ್ಕೆಟಿಂಗ್ ನೋಡಿಕೊಳ್ಳುವವರು ಕಾಫಿ ಹೊತ್ತಿನಲ್ಲಿ ಬಂದು, ‘ಒಂದು ಲೈನ್ ಸೇರಿಸ್ಬೇಕಂತೆ ಮೇಡಂ, ಇಲ್ದಿದ್ರೆ ಮೇಲ್ ಹೋಗಲ್ವಂತೆ’ ಎಂದಿದ್ದರು. ಯಾರಿಗೆ ಕಳಿಸುತ್ತೀರಿ, ಎಷ್ಟು ಕಳಿಸುತ್ತೀರಿ ಎಂದು ನಾನು ಕೇಳಿರಲಿಲ್ಲ. ಲೋಟ ಕೆಳಗಿಡುವುದರೊಳಗೆ ಸೇರಿಸಿಕೊಟ್ಟಿದ್ದೆ. ಇವರು ನಮ್ಮವರೇ, ನಮ್ಮ ಹೆಸರಿನಲ್ಲಿ ಏನು ಬೇಕಾದರೂ ಕಳಿಸಲಿ ಎಂದು ಬರೆದುಕೊಟ್ಟ ಹಾಗಾಗಿತ್ತು ಅದು.

ಅವರ ಕೋಣೆಗೆ ಹೋದೆ. ಅವರು ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದರು. ಬುಧವಾರ ಹನ್ನೊಂದು ಗಂಟೆಗೆ ‘ಇಡೀ ದೇಹದ ತಪಾಸಣೆ, ಈ ವಾರ ಮಾತ್ರ’ ಎಂಬ ಜಾಹೀರಾತು ಸಾವಿರಾರು ಜನರಿಗೆ ಒಂದೇ ಏಟಿಗೆ ಹೋಗಿತ್ತು.

“ಈ ವಿಳಾಸಗಳೆಲ್ಲ ಎಲ್ಲಿಂದ ಬಂತು?”

“ಒಬ್ರು ಪಟ್ಟಿ ಮಾರ್ತಿದ್ರು ಮೇಡಂ. ಎಲ್ಲ ಹಾಸನ ಜಿಲ್ಲೆಯವ್ರದೇ, ಎಲ್ಲ ಚಾಲ್ತಿ ಇರೋ ವಿಳಾಸ ಅಂದ್ರು.”

ಚಾಲ್ತಿ ಇರಲಿಲ್ಲ. ಐದರಲ್ಲಿ ಒಂದು ಪಾಲು ವಾಪಸ್ ಬಂದಿತ್ತು, ಎಂದೋ ಮುಚ್ಚಿಹೋದ ವಿಳಾಸಗಳು. ಮಿಕ್ಕವರಲ್ಲಿ ಎಷ್ಟೋ ಜನ ನಮ್ಮ ಹೆಸರನ್ನೇ ಕೇಳದವರು. ಪತ್ರದ ಕೊನೆಯಲ್ಲಿ ‘ಇನ್ನು ಮುಂದೆ ಬೇಡ’ ಎಂದು ಒತ್ತುವ ಕೊಂಡಿ ಇತ್ತು. ನಾನು ಒತ್ತಿ ನೋಡಿದೆ, ಎಲ್ಲಿಗೂ ಹೋಗಲಿಲ್ಲ. ಬೇಡ ಎನ್ನಲು ದಾರಿ ಇಲ್ಲದವರು ಇದ್ದ ಒಂದೇ ದಾರಿ ಹಿಡಿದಿದ್ದರು: ಸ್ಪ್ಯಾಮ್ ಎಂದು ಒತ್ತಿದ್ದರು. ಜಾಹೀರಾತಿಗೂ ರಿಪೋರ್ಟಿಗೂ ನಾವು ಬಳಸಿದ್ದು ಒಂದೇ ಹೆಸರು. ಮೇಲ್ ಕಂಪನಿಗಳ ಕಣ್ಣಿನಲ್ಲಿ ಅವೆರಡೂ ಒಬ್ಬನೇ ಮನುಷ್ಯ ಆಡಿದ ಮಾತು.

ಅರಕಲಗೂಡಿನ ವಿಷಯ ಹೇಳಿದೆ. “ಲ್ಯಾಬಿಗೆ ಬಂದ ಹೊಸ ಮಷಿನ್‌ಗೆ ಜನ ಬರ್ಲಿ ಅಂತ ಮಾಡಿದ್ದು ಮೇಡಂ,” ಎಂದರು. ಬೈಯಲು ಬಾಯಿ ತೆರೆದವಳು ಬೈಯದೆ ನನ್ನ ಮೇಜಿಗೆ ವಾಪಸ್ ಬಂದೆ. ಆ ಸಾಲು ಸೇರಿಸಿದ ಬೆರಳು ನನ್ನದು.

ಆಮೇಲೆ ನಾನು ಮಾಡಿದ್ದು ಇನ್ನೂ ದೊಡ್ಡ ತಪ್ಪು. ಬುಧವಾರದಿಂದ ಹೋದ ರಿಪೋರ್ಟುಗಳನ್ನೆಲ್ಲ ಮತ್ತೊಮ್ಮೆ ಕಳಿಸಿಬಿಡೋಣ, ಎರಡನೇ ಸಲವಾದರೂ ಯಾರ ಕಣ್ಣಿಗಾದರೂ ಬೀಳಲಿ ಎಂದುಕೊಂಡೆ. ಯೋಚನೆ ಮಾಡುವ ಸ್ಥಿತಿಯಲ್ಲಿರಲಿಲ್ಲ, ಕೈಗೆ ಏನಾದರೂ ಕೆಲಸ ಬೇಕಿತ್ತು. ಆರುನೂರಕ್ಕೂ ಹೆಚ್ಚು ರಿಪೋರ್ಟುಗಳನ್ನು ಒಟ್ಟಿಗೆ ಗುರುತು ಹಾಕಿ ಕಳಿಸಿದೆ.

ಹತ್ತು ನಿಮಿಷದಲ್ಲಿ ಉತ್ತರಗಳು ಬರತೊಡಗಿದವು. ಮೊದಲು ಹಳದಿ ಗುರುತು: ಅಸಹಜ ಪ್ರಮಾಣದಲ್ಲಿ ಪತ್ರ ಬರುತ್ತಿದೆ, ಸದ್ಯಕ್ಕೆ ತೆಗೆದುಕೊಳ್ಳುವುದಿಲ್ಲ. ಆಮೇಲೆ ಕೆಂಪು: ಈ ವಿಳಾಸದಿಂದ ಬರುವ ಪತ್ರ ತಿರಸ್ಕರಿಸಲಾಗಿದೆ. ಒಂದಾದ ಮೇಲೆ ಒಂದು, ಪರದೆ ಮೇಲಿನಿಂದ ಕೆಳಗಿನವರೆಗೂ ಕೆಂಪಾಯಿತು. ಮೊದಲೇ ಕೆಟ್ಟ ಹೆಸರಿದ್ದವನು ಬಾಗಿಲು ದಬದಬ ಬಡಿದರೆ ಏನಾಗಬೇಕೋ ಅದೇ ಆಗಿತ್ತು. ಬೆಳಿಗ್ಗೆ ಸ್ಪ್ಯಾಮಿಗಾದರೂ ಹೋಗಿ ಬೀಳುತ್ತಿದ್ದ ರಿಪೋರ್ಟುಗಳು ಈಗ ಎಲ್ಲಿಗೂ ಹೋಗುತ್ತಿರಲಿಲ್ಲ. ಹಿಂದಿನ ಕೋಣೆಯಲ್ಲಿ ಯಂತ್ರಗಳು ಅವತ್ತಿನ ರಿಪೋರ್ಟುಗಳನ್ನು ತಯಾರು ಮಾಡುತ್ತಲೇ ಇದ್ದವು.

ಹನ್ನೊಂದೂವರೆಗೆ ಲ್ಯಾಬಿನ ಮುಖ್ಯಸ್ಥೆಯ ಬಾಗಿಲು ತಟ್ಟಿದೆ. ಲ್ಯಾಬು ಅವರದೇ. ಅರವತ್ತು ದಾಟಿದ ಪೆಥಾಲಜಿ ಡಾಕ್ಟರು. ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯದೆ ಕೇಳಿಸಿಕೊಳ್ಳತೊಡಗಿದವರು, ಕಾಲಿನ ವಿಷಯ ಬಂದಾಗ ತಲೆ ಎತ್ತಿದರು. ನಾನು ಸಾಲು ಸೇರಿಸಿದ್ದು, ಈಗ ತಾನೇ ಒಟ್ಟಿಗೆ ಕಳಿಸಿ ಕೆಡಿಸಿದ್ದು, ಯಾವುದನ್ನೂ ಮುಚ್ಚಿಡಲಿಲ್ಲ.

“ಏನು ಮಾಡಬೇಕು ಅಂತೀಯ?”

“ಮೇಲ್ ಪೂರ್ತಿ ನಿಲ್ಲಿಸಬೇಕು ಮೇಡಂ. ಬುಧವಾರದಿಂದ ಈಚೆಗೆ ರಿಪೋರ್ಟ್ ಹೋದ ಪ್ರತಿಯೊಬ್ಬರಿಗೂ ಫೋನ್ ಮಾಡಬೇಕು. ಡಾಕ್ಟರುಗಳಿಗೆಲ್ಲ ತಪ್ಪು ನಮ್ಮದು ಅಂತ ಹೇಳಬೇಕು.”

“ಹಾಗಂತ ಹೇಳಿದ್ರೆ ನಾಳೆಯಿಂದ ಅವರ ಸ್ಯಾಂಪಲ್ ಬೇರೆ ಲ್ಯಾಬಿಗೆ ಹೋಗುತ್ತೆ. ಮೂವತ್ತು ವರ್ಷ ಆಯ್ತು ಈ ಹೆಸರು ಕಟ್ಟೋಕೆ.”

“ಇನ್ನೂ ಯಾರ್ಯಾರದು ಹೀಗೆ ಬಿದ್ದಿದೆ ಅಂತ ನಂಗೆ ಗೊತ್ತಾಗ್ತಿಲ್ಲ ಮೇಡಂ. ಕಂಪ್ಯೂಟರಲ್ಲಿ ಗೊತ್ತಾಗೋದೂ ಇಲ್ಲ. ಅವರನ್ನೇ ಕೇಳಬೇಕು.”

ಅವರು ಮೇಜಿನ ಖಾನೆಯಿಂದ ಕೆಂಪು ಪೆನ್ನು ತೆಗೆದರು. “ಪಟ್ಟಿ ಪ್ರಿಂಟ್ ಮಾಡ್ಕೊಂಡು ಬಾ. ಯಾರಿಗೆ ಮೊದಲು ಅಂತ ನಾನು ಗುರುತು ಹಾಕ್ತೀನಿ. ನೀನು ಮೇಲ್ ನಿಲ್ಲಿಸು.”

ನಿಲ್ಲಿಸುವುದಕ್ಕೆ ಒಂದು ಗುಂಡಿ ಸಾಕಿತ್ತು. ಒತ್ತಿದ ಮೇಲೆ ಆ ಬೆಳಿಗ್ಗೆ ಮೊದಲ ಬಾರಿಗೆ ಉಸಿರು ಸರಿಯಾಗಿ ಬಂತು.

ಕಲ್ಚರ್, ಬಯಾಪ್ಸಿ, ಬಸುರಿಯರ ಪರೀಕ್ಷೆಗಳು: ನಲವತ್ತೊಂದು ಹೆಸರಿಗೆ ಕೆಂಪು ಬಿತ್ತು. ಕೌಂಟರಿನ ಇಬ್ಬರು, ನಾನು, ಮಾರ್ಕೆಟಿಂಗಿನವರು, ಹಂಚಿಕೊಂಡು ಫೋನ್ ಹಿಡಿದೆವು. ಮುಖ್ಯಸ್ಥೆ ಡಾಕ್ಟರುಗಳಿಗೆ ತಾವೇ ಮಾತಾಡಿದರು. ಬಾಗಿಲು ತೆರೆದೇ ಇತ್ತು. “ತಪ್ಪು ನಮ್ಮದು. ಸ್ಪ್ಯಾಮ್ ನೋಡಿ. ಇನ್ನು ನಾನು ಹೇಳೋವರೆಗೂ ನಮ್ಮ ಮೇಲ್ ನಂಬಬೇಡಿ,” ಎನ್ನುವುದು ನಮಗೆಲ್ಲ ಕೇಳಿಸುತ್ತಿತ್ತು. ಒಬ್ಬರು ಸಿಟ್ಟಾಗಿ ಏನೋ ಅಂದಿರಬೇಕು, “ಅನ್ನಿ, ಅನ್ನಿಸಿಕೊಳ್ಳಬೇಕಾದ್ದೇ,” ಎಂದರು.

ನನ್ನ ಪಾಲಿನ ಆರನೇ ಹೆಸರು ಜಿನನಾಥಪುರದ ನಿವೃತ್ತ ಮೇಷ್ಟ್ರೊಬ್ಬರದು. ಅವರ ಹೆಂಡತಿಯ ಕುತ್ತಿಗೆಯ ಗಂಟಿನ ಬಯಾಪ್ಸಿ. ರಿಪೋರ್ಟು ನನ್ನ ಮುಂದಿತ್ತು, ಆದರೆ ಓದಿ ಹೇಳುವ ಅಧಿಕಾರ ನನಗಿಲ್ಲ.

“ನೀವು ಬಚ್ಚಿಡ್ತಿದೀರ ಅಂತ ಗೊತ್ತಾಯ್ತು ಬಿಡಿ,” ಎಂದರು ಮೇಷ್ಟ್ರು, ನಾನು ಲ್ಯಾಬಿನ ಹೆಸರು ಹೇಳಿದ ತಕ್ಷಣ. “ಐದು ದಿನ ಆಯ್ತು. ಒಳ್ಳೇದಿದ್ದಿದ್ರೆ ಅವತ್ತೇ ಬರ್ತಿತ್ತು. ನಮ್ಮನೇವ್ಳು ಊಟ ಬಿಟ್ಟು ಕೂತಿದಾಳೆ.”

“ಇಲ್ಲ ಸಾರ್, ರಿಪೋರ್ಟು ನಿಮ್ಮ ಮೊಬೈಲಲ್ಲೇ ಇದೆ. ಸ್ಪೀಕರ್ ಹಾಕ್ಕೊಳಿ, ನಾನು ಹೇಳಿದ ಹಾಗೆ ಒತ್ತುತಾ ಹೋಗಿ. ಮೇಲ್ ತೆಗೀರಿ. ಎಡಗಡೆ ಮೇಲೆ ಮೂರು ಗೆರೆ ಇದೆಯಲ್ಲ?”

“ಇದೆ. ಒತ್ತಿದೆ. ಏನೇನೋ ಬಂತು.”

“ಕೆಳಕ್ಕೆ ಹೋಗಿ. ಸ್ಪ್ಯಾಮ್ ಅಂತ ಇರುತ್ತೆ.”

“ಇದ್ಯಾವುದಮ್ಮ ಇಷ್ಟೊಂದು? ನನ್ನ ಬ್ಯಾಂಕ್ ಖಾತೆ ಇವತ್ತೇ ಮುಚ್ಚುತಂತೆ, ಇಲ್ಲಿ ಒತ್ತಿ ಅಂತಿದೆ. ಒತ್ತಲಾ?”

“ಬೇಡ ಸಾರ್! ಅದನ್ನ ಮುಟ್ಟಬೇಡಿ!” ನಾನು ಕೂಗಿದ್ದು ಕೇಳಿ ಕೌಂಟರಿನವರು ತಿರುಗಿ ನೋಡಿದರು. ಕಸದ ರಾಶಿಯೊಳಗೆ ಕೈಹಾಕಿ ಎಂದು ಜನರಿಗೆ ಹೇಳುತ್ತಿದ್ದೇವೆ, ಅಲ್ಲಿ ಬ್ಲೇಡುಗಳೂ ಇರುತ್ತವೆ ಎನ್ನುವುದು ಆಗ ಹೊಳೆಯಿತು. “ನಮ್ಮ ಹೆಸರು ಇರೋದನ್ನ ಮಾತ್ರ ತೆಗೀರಿ. ಒಳಗೆ ನಿಮ್ಮನೆಯವರ ಹೆಸರು, ವಯಸ್ಸು ಸರಿ ಇದೆಯಾ ನೋಡಿ.” ಆಮೇಲೆ ಫೋನ್ ಮಾಡಿದ ಪ್ರತಿಯೊಬ್ಬರಿಗೂ ಮೊದಲು ಇದನ್ನೇ ಹೇಳುವಂತೆ ಎಲ್ಲರಿಗೂ ಚೀಟಿ ಬರೆದುಕೊಟ್ಟೆ.

ಮೇಷ್ಟ್ರು ಒಂದೊಂದೇ ಅಕ್ಷರ ಕೂಡಿಸಿ ಇಂಗ್ಲಿಷ್ ಓದುತ್ತಿದ್ದರು. ಓದುತ್ತಾ ಓದುತ್ತಾ ನಿಂತರು. “ಬಿನೈನ್ ಅಂತ ಇದೆ. ಅದು ಕೆಟ್ಟದ್ದಲ್ಲ ಅಂತ ಅಲ್ವೇನಮ್ಮ?” ನಾನು ಫೋನನ್ನು ಮುಖ್ಯಸ್ಥೆಯ ಕೈಗೆ ಕೊಟ್ಟೆ. ಅವರು ಹೌದು ಎಂದರು. ಆ ಕಡೆಯಿಂದ ಒಬ್ಬ ಹೆಂಗಸು ಜೋರಾಗಿ ಅಳುವುದು ಕೇಳಿಸಿತು.

ಮಧ್ಯಾಹ್ನ ಎರಡಕ್ಕೆ ಮೂವತ್ತೆಂಟು ಜನ ಸಿಕ್ಕಿದ್ದರು. ಮೂವರು ಫೋನ್ ಎತ್ತಿರಲಿಲ್ಲ. ಅಷ್ಟರಲ್ಲಿ ಪ್ರಿಂಟರ್ ಬಿಸಿಯಾಗಿ ಎರಡು ಸಲ ನಿಂತಿತ್ತು. ಮಿಕ್ಕ ರಿಪೋರ್ಟುಗಳನ್ನೆಲ್ಲ ಕವರಿಗೆ ಹಾಕಿ ಊರುವಾರು ಜೋಡಿಸಿ, ಸ್ಯಾಂಪಲ್ ಇಳಿಸಿ ಹೊರಟಿದ್ದ ವ್ಯಾನುಗಳಿಗೆ ತುಂಬಿಸಿದೆವು. ಚನ್ನರಾಯಪಟ್ಟಣದ ದಾರಿಯ ಡ್ರೈವರು, ನಮ್ಮಲ್ಲಿ ಎಲ್ಲರಿಗಿಂತ ಹಳಬರು, ಸಿಗದೇ ಉಳಿದ ಮೂವರ ವಿಳಾಸದ ಚೀಟಿ ಇಸಕೊಂಡರು.

“ಎಂಗೂ ವ್ಯಾನು ಅತ್ಲಾಗೇ ಓಯ್ತದೆ. ನಾ ಮನೆ ತಾವ್ಕೇ ಓಗಿ ಕೊಟ್ಬುಟ್ಟು ಬತ್ತೀನಿ ಕಣ್ ಮೇಡಂ. ಫೋನ್ ತಗೀನಿಲ್ಲ ಅಂದ್ರೂ ಬಾಗ್ಲು ತಗೀಲೇಬೇಕಲ್ಲ?”

ಸಂಜೆ ಐದೂವರೆಗೆ ಅವರ ಫೋನ್ ಬಂತು. ಮೂವರಲ್ಲಿ ಒಬ್ಬಾಕೆ ಏಳು ತಿಂಗಳ ಬಸುರಿ. ಗಂಡನ ಮೊಬೈಲಿಗೆ ಮೇಲ್ ಹೋಗಿತ್ತು, ಗಂಡ ಹೊರಗೂರಿಗೆ ಕೆಲಸಕ್ಕೆ ಹೋಗಿದ್ದ. ರಿಪೋರ್ಟು ನೋಡಿದ ಅಲ್ಲಿನ ಡಾಕ್ಟರು ಅವತ್ತೇ ಆಸ್ಪತ್ರೆಗೆ ಸೇರಿಸಿಕೊಂಡರಂತೆ. ನಾನು ಕುರ್ಚಿಯಲ್ಲಿ ಕೂತು ನೀರು ಕುಡಿದೆ.

ಆಮೇಲಿನ ಆರು ವಾರ ನಿಧಾನದ ಕೆಲಸ. ಕೊಂಡ ಪಟ್ಟಿಯನ್ನು ಅಳಿಸಿದೆವು. ಜಾಹೀರಾತಿನ ಸೇವೆಯ ಸಾಲನ್ನು ತೆಗೆದೆ. ಜಾಹೀರಾತಿಗೆ ಬೇರೆಯದೇ ಹೆಸರು ಮಾಡಿಸಿ, ಬೇಕು ಎಂದು ಬರೆದುಕೊಟ್ಟವರಿಗೆ ಮಾತ್ರ ಕಳಿಸುವುದೆಂದು ತೀರ್ಮಾನವಾಯಿತು. ಬೇಡ ಎನ್ನುವ ಕೊಂಡಿಯನ್ನು ಮಾರ್ಕೆಟಿಂಗಿನವರೇ ದಿನಾ ಒತ್ತಿ ಪರೀಕ್ಷಿಸುತ್ತಿದ್ದರು. ನಮ್ಮನ್ನು ಕಪ್ಪುಪಟ್ಟಿಗೆ ಸೇರಿಸಿದ್ದವರಿಗೆ ಅರ್ಜಿ ಹಾಕುವಾಗ, ಏನಾಯಿತು ಎಂಬ ಜಾಗದಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆದೆ. ಮೊದಲ ಅರ್ಜಿ ತಿರಸ್ಕಾರವಾಯಿತು, ಎರಡನೆಯದಕ್ಕೆ ಒಪ್ಪಿದರು. ರಿಪೋರ್ಟಿನ ಮೇಲ್ ಮತ್ತೆ ಶುರು ಮಾಡಿದ ದಿನ ಇಪ್ಪತ್ತೇ ಡಾಕ್ಟರುಗಳಿಗೆ ಕಳಿಸಿ, ಒಬ್ಬೊಬ್ಬರಿಗೂ ಫೋನ್ ಮಾಡಿ, ಸ್ಪ್ಯಾಮಿನಲ್ಲಿದ್ದರೆ ‘ಇದು ಸ್ಪ್ಯಾಮ್ ಅಲ್ಲ’ ಎಂದು ಒತ್ತಿ, ಒಂದು ಸಾಲು ಉತ್ತರ ಬರೆಯಿರಿ ಎಂದು ಕೇಳಿಕೊಂಡೆ. ಮಾರನೇ ದಿನ ಮೂವತ್ತು. ಹೆಸರು ಹೋಗುವುದಕ್ಕೆ ಒಂದು ಬೆಳಿಗ್ಗೆ ಸಾಕಾಗಿತ್ತು. ಇಬ್ಬರು ಡಾಕ್ಟರುಗಳು ಬೇರೆ ಲ್ಯಾಬಿಗೆ ಹೋದವರು ವಾಪಸ್ ಬರಲಿಲ್ಲ. ಪರದೆಯ ಮೇಲಿನ ‘ತಲುಪಿದೆ’ಯನ್ನು ತೆಗೆದು ‘ಕಳಿಸಿದೆ’ ಎಂದು ಮಾಡಿದೆ.

ಅರಕಲಗೂಡಿನ ಡಾಕ್ಟರು ಆ ಸೋಮವಾರವೇ ಔಷಧಿ ಬದಲಿಸಿದ್ದರು. ಬುಧವಾರ ಜ್ವರ ಇಳಿಯಿತು. ಕಾಲು ಉಳಿಯಿತು. ಎರಡು ಬೆರಳು ತೆಗೆಯಬೇಕಾಯಿತು.

“ಶುಕ್ರವಾರವೇ ನೋಡಿದ್ದಿದ್ರೆ ಬೆರಳು ಉಳೀತಿತ್ತಾ ಸಾರ್?” ಎಂದು ಕೇಳಿದ್ದೆ.

“ನಂಗೂ ಗೊತ್ತಿಲ್ಲ ಮೇಡಂ. ಅವರ ಸಕ್ಕರೆ ವಿಪರೀತ ಇತ್ತು. ಉಳೀತಿರ್ಲಿಲ್ಲ ಅಂತ ಹೇಳಿ ನಿಮ್ಮನ್ನ ಸಮಾಧಾನ ಮಾಡಕ್ಕೂ ಆಗಲ್ಲ. ನಾನೂ ಇನ್ನೊಂದು ಕಡೆ ಹುಡುಕಬೇಕಿತ್ತು.”

ಎರಡು ತಿಂಗಳ ಮೇಲೆ ಅರಕಲಗೂಡಿನ ಕೇಂದ್ರಕ್ಕೆ ಹೊಸ ಕಂಪ್ಯೂಟರ್ ಜೋಡಿಸಲು ಹೋದಾಗ ಆ ಕಾಲಿನ ಗಾಯದ ಹೆಂಗಸು ಸಕ್ಕರೆ ಪರೀಕ್ಷೆಗೆ ಬಂದಿದ್ದರು. ಹೆಸರು ಕೂಗಿದಾಗ ಗೊತ್ತಾಯಿತು. ಶಾಲೆಯಲ್ಲಿ ಬಿಸಿಯೂಟದ ಅಡುಗೆಯವರು, ಐವತ್ತೈದರ ಆಸುಪಾಸು. ಅನ್ನದ ಪಾತ್ರೆ ಇಳಿಸುವಾಗ ಜಾರಿ ಕಾಲಿನ ಮೇಲೆ ಬಿದ್ದು ಆದ ಗಾಯವಂತೆ. ಅಗಲದ ಚಪ್ಪಲಿ ಹಾಕಿಕೊಂಡು ಬೆಂಚಿನ ಮೇಲೆ ಕೂತಿದ್ದರು. ನಾನು ಪಕ್ಕದಲ್ಲಿ ಕೂತೆ. ಹೇಳದೆ ಎದ್ದು ಬರಬಹುದಿತ್ತು.

“ಅಮ್ಮ, ನಾನು ಹಾಸನದ ಲ್ಯಾಬಿನವಳು. ನಿಮ್ಮ ಗಾಯದ ರಿಪೋರ್ಟು ಶುಕ್ರವಾರವೇ ರೆಡಿ ಇತ್ತು. ನಮ್ಮ ತಪ್ಪಿನಿಂದ ಡಾಕ್ಟರಿಗೆ ಸೋಮವಾರದವರೆಗೂ ಕಾಣಲಿಲ್ಲ.”

ಆಕೆ ನನ್ನ ಮುಖವನ್ನೇ ನೋಡಿದರು. “ಕಾಣ್ನಿಲ್ಲ ಅಂದ್ರೆ? ನೀವು ಕಳುಸ್ನಿಲ್ವಾ?”

“ಕಳಿಸಿದ್ವಿ. ಬೇಡದ ಕಾಗದಗಳ ಜೊತೆ ಸೇರಿಹೋಗಿತ್ತು.”

“ಬೇಡದ ಕಾಗ್ದ ಕಳ್ಸಿದೋರು ಯಾರು?”

“ನಾವೇ ಅಮ್ಮ.”

ಆಕೆ ಬಗ್ಗಿ ಸೆರಗಿನಿಂದ ಪಾದದ ಮೇಲಿನ ಧೂಳು ಒರೆಸಿಕೊಂಡರು. ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

“ನಾನು ದಿನಾ ಇನ್ನೂರು ಮಕ್ಳಿಗೆ ಬಡುಸ್ತೀನಿ ಕಣವ್ವ,” ಎಂದರು. “ಬಡ್ಸಿದ್ ಮ್ಯಾಕೆ ಒಂದ್ ಸುತ್ತು ತಟ್ಟೆ ನೋಡ್ಕಂಡ್ ಬತ್ತೀನಿ. ಯಾವ ಮಗೀಗೆ ಬಿದ್ದಿಲ್ಲ ಅಂತವ. ನಿಮ್ಮಲ್ಲಿ ಅಂಗೆ ನೋಡಾರು ಇಲ್ವಾ?”

ಇರಲಿಲ್ಲ ಎಂದೆ. ಆಕೆ ತಲೆಯಾಡಿಸಿ, ಒಳಗಿನಿಂದ ಮತ್ತೆ ಕೂಗಿದಾಗ ಗೋಡೆ ಹಿಡಿದುಕೊಂಡು ಎದ್ದು ಹೋಗಿ ತೋಳು ಚಾಚಿದರು.

ಆ ರಕ್ತ ಮಧ್ಯಾಹ್ನದ ವ್ಯಾನಿನಲ್ಲಿ ನನ್ನ ಜೊತೆಯೇ ಹಾಸನಕ್ಕೆ ಬಂತು. ನಾಲ್ಕು ಗಂಟೆಗೆ ರಿಪೋರ್ಟು ಸಿದ್ಧವಾಯಿತು. ಮೇಲ್ ಕಳಿಸಿ ಅರಕಲಗೂಡಿನ ಡಾಕ್ಟರಿಗೆ ಫೋನ್ ಮಾಡಿದೆ.

“ಬಂದಿದೆ ಮೇಡಂ, ಸರಿಯಾದ ಜಾಗದಲ್ಲೇ ಇದೆ. ಆಮೇಲೆ ನೋಡ್ತೀನಿ,” ಎಂದರು.

“ಈಗಲೇ ತೆಗೆದು ನೋಡಿ ಸಾರ್,” ಎಂದೆ. “ನಾನು ಲೈನಲ್ಲೇ ಇರ್ತೀನಿ.”